ಬಾರದವರ ಪಟ್ಟಿ: ಬಿಪಿ, ಶುಗರ್ ನೋಡಿಕೊಳ್ಳುವ ತಂಡದ ಕೆಲಸ

ಮೊದಲು ಒಂದು ಸಣ್ಣ ಲೆಕ್ಕ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರ್ಕಾರಿ ಮಾನದಂಡದ ಪ್ರಕಾರ 30,000 ಜನ. ಅವರಲ್ಲಿ ಇಪ್ಪತ್ತು ದಾಟಿದವರು ಸುಮಾರು 18,000 ಅಂದುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ್ದು, ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಅಧಿಕ ರಕ್ತದೊತ್ತಡ, 11.4 ಮಂದಿಗೆ ಮಧುಮೇಹ. ಹಳ್ಳಿಯಲ್ಲಿ ಕಡಿಮೆ ಇರುತ್ತದೆ ಎಂದು ಬಿಪಿಯನ್ನು ಅರ್ಧಕ್ಕೇ ಇಳಿಸಿದರೂ 3,000 ಜನ. ತಿಂಗಳಿಗೊಮ್ಮೆ ಬಂದರೆ, 25 ಕೆಲಸದ ದಿನಕ್ಕೆ ದಿನಾ 120. ಒಬ್ಬರಿಗೆ ಐದು ನಿಮಿಷ ಕೊಟ್ಟರೂ ಹತ್ತು ತಾಸು ಬೇಕು. ಜ್ವರ, ಹೆರಿಗೆ, ನಾಯಿ ಕಡಿತ, ಕೇಸು, ಮೀಟಿಂಗು ಎಲ್ಲ ಹೊರತುಪಡಿಸಿ.

ಅಂದರೆ ಇದು ಒಬ್ಬ ವೈದ್ಯರಿಂದ ಆಗುವ ಕೆಲಸವೇ ಅಲ್ಲ. ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯ ದವಾಖಾನೆಗಳಲ್ಲಿ ಒಬ್ಬರೇ ವೈದ್ಯರು ಎರಡು ಕಡೆ ಡ್ಯೂಟಿ ಮಾಡುವಾಗಂತೂ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರ ಬಿಪಿ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿ ಹೇಳಿದೆ: ತರಬೇತಿ, ಔಷಧಿ ಕೊಡುವ ಅಧಿಕಾರ, ಲಿಖಿತ ಚಿಕಿತ್ಸಾ ಕ್ರಮ, ವೈದ್ಯರ ಮೇಲ್ವಿಚಾರಣೆ, ಇವು ಇದ್ದರೆ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಯೂ ಬಿಪಿ ಚಿಕಿತ್ಸೆ ನಡೆಸಬಹುದು. ನಮ್ಮಲ್ಲಿ ಸಿಬ್ಬಂದಿ ಕಾಗದದ ಮೇಲಂತೂ ಇದ್ದಾರೆ. ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಹಿಂದೆ ಎಎನ್‌ಎಂ ಅನ್ನುತ್ತಿದ್ದ ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ), ಸ್ಟಾಫ್ ನರ್ಸ್, ಲ್ಯಾಬ್‌ನವರು, ಫಾರ್ಮಸಿಯವರು, ಊರಲ್ಲಿ ಆಶಾ ಅಕ್ಕ. ಇಷ್ಟು ಜನ ಇದ್ದ ಮಾತ್ರಕ್ಕೆ ತಂಡ ಆಗುವುದಿಲ್ಲ. ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಮುಂದಿನವರ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಬರೆದಿಟ್ಟಾಗ ತಂಡ ಆಗುತ್ತದೆ.

ನಮ್ಮ ಪ್ರಕಾರ ಆ ಗೆರೆ ಹೀಗಿರಬೇಕು. ಹೊಸ ರೋಗಿಗೆ ಔಷಧಿ ಶುರು ಮಾಡುವುದು, ಬದಲಿಸುವುದು, ಹೊಸ ತೊಂದರೆ ಇದ್ದವರನ್ನು ನೋಡುವುದು ವೈದ್ಯರ ಕೆಲಸ. ಹಿಡಿತದಲ್ಲಿರುವವರಿಗೆ ಅದೇ ಗುಳಿಗೆ ಮುಂದುವರಿಸುವುದು ಸಿಎಚ್‌ಒ ಅಥವಾ ನರ್ಸ್ ಕೆಲಸ. ಇಂಥ ರೋಗಿಗಳು ವೈದ್ಯರ ಸಾಲಿನಲ್ಲಿ ನಿಲ್ಲಲೇಬಾರದು. ಬಿಪಿ 140/90ರ ಕೆಳಗಿದ್ದು, ಶುಗರ್ ಸರಿ ಇದ್ದು, ಎದೆನೋವು, ಕಾಲು ಬಾವು, ಉಸಿರುಬ್ಬಸ ಏನೂ ಇಲ್ಲದಿದ್ದರೆ ಉಪಕೇಂದ್ರದಲ್ಲೇ ಗುಳಿಗೆ ಕೊಟ್ಟು ಕಳಿಸಬೇಕು. ವೈದ್ಯರ ಮುಖ ಆರು ತಿಂಗಳಿಗೊಮ್ಮೆ ನೋಡಿದರೂ ಸಾಕು. ಹೀಗೆ ಮಾಡಿದಾಗ ವೈದ್ಯರಿಗೆ ಉಳಿಯುವ ಸಮಯ ಹಿಡಿತಕ್ಕೆ ಬಾರದವರಿಗೆ ಸಿಗುತ್ತದೆ.

ಇದೆಲ್ಲಾ ನಿಂತಿರುವುದು ಅಳತೆಯ ಮೇಲೆ. ಅಳತೆಯಲ್ಲೇ ತಪ್ಪಿದ್ದರೆ ಆಮೇಲೆ ಬರುವವರು ಎಷ್ಟು ಜಾಣರಾದರೂ ತಪ್ಪೇ ಮಾಡುತ್ತಾರೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವರ ತೋಳಿಗೆ, ನಿಂತಲ್ಲೇ, ಸೀರೆಯ ರವಿಕೆ ಮೇಲೇ ಪಟ್ಟಿ ಸುತ್ತಿ ಬಟನ್ ಒತ್ತುವುದನ್ನು ಎಲ್ಲ ಕಡೆ ನೋಡಬಹುದು. ಐದು ನಿಮಿಷ ಬೆಂಚಿನ ಮೇಲೆ ಬೆನ್ನು ಆನಿಸಿ ಕೂರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಬೇಡ, ತೋಳು ಮೇಜಿನ ಮೇಲೆ ಎದೆಮಟ್ಟದಲ್ಲಿ ಇರಬೇಕು. ಮೂತ್ರ ಒತ್ತುತ್ತಿದ್ದರೆ ಮೊದಲು ಹೋಗಿ ಬರಲಿ. ಚಹಾ, ಬೀಡಿ, ತಂಬಾಕು ಆಗಿ ಅರ್ಧ ತಾಸು ಕಳೆದಿರಲಿ. ಅಳೆಯುವಾಗ ಮಾತು ಬೇಡ, ನರ್ಸ್ ಕೂಡ ಮಾತಾಡಿಸಬಾರದು. ಜೋತುಬಿದ್ದ ಕೈ, ತುಂಬಿದ ಮೂತ್ರಕೋಶ, ಮಾತು, ಇವುಗಳಲ್ಲಿ ಒಂದೊಂದೂ ಹತ್ತು ಅಂಕಿಯವರೆಗೆ ಮೇಲೆ ತೋರಿಸಬಲ್ಲದು. ಎರಡು ಸಲ ಅಳೆಯಬೇಕು, ನಡುವೆ ಒಂದು ನಿಮಿಷ ಬಿಡಬೇಕು, ಸರಾಸರಿ ಬರೆಯಬೇಕು. ಪಟ್ಟಿಯ ಒಳಗಿನ ಗಾಳಿಚೀಲ ತೋಳಿನ ಸುತ್ತ ಶೇಕಡಾ 80ರಷ್ಟು ಬರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಹುಟ್ಟುತ್ತದೆ. ಹಾಗಾಗಿ ಪ್ರತಿ ಉಪಕೇಂದ್ರದಲ್ಲೂ ದೊಡ್ಡ ಪಟ್ಟಿ ಒಂದಾದರೂ ಇರಲಿ.

ಇನ್ನೊಂದು ತಪ್ಪು ಬಹಳ ಕಡೆ ಕಣ್ಣಿಗೇ ಬೀಳುವುದಿಲ್ಲ. "ನಾಳೆ ಖಾಲಿ ಹೊಟ್ಟೀಲಿ ಬರ್ರಿ" ಎಂದು ಹೇಳಿ ಕಳಿಸುತ್ತೇವೆ. ಜನ ಅದನ್ನು ಏನೂ ನುಂಗಬಾರದು ಎಂದು ತಿಳಿಯುತ್ತಾರೆ. ಬಿಪಿ ಗುಳಿಗೆಯನ್ನೂ ಬಿಟ್ಟು ಬರುತ್ತಾರೆ. ಅವತ್ತು ಬಿಪಿ 160 ತೋರಿಸುತ್ತದೆ, ಇನ್ನೊಂದು ಗುಳಿಗೆ ಸೇರುತ್ತದೆ. ಮನೆಗೆ ಹೋಗಿ ಎರಡನ್ನೂ ತಗೊಂಡವರಿಗೆ ಮೂರನೇ ದಿನ ಹೊಲದಲ್ಲಿ ಕಣ್ಣು ಕತ್ತಲೆ ಬರುತ್ತದೆ. ಇದಕ್ಕೆ ತದ್ವಿರುದ್ಧ ಶುಗರ್ ಗುಳಿಗೆ. ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗಿ, ಏನೂ ತಿನ್ನದೆ ಏಳರ ಬಸ್ಸಿಗೆ ಬಂದು, ಹನ್ನೆರಡರವರೆಗೆ ರಕ್ತ ಕೊಡಲು ಕಾದವರು ಬೆವರಿ ಕುಸಿಯುತ್ತಾರೆ. ಆದ್ದರಿಂದ ಚೀಟಿಯಲ್ಲಿ ದಪ್ಪಗೆ ಬರೆಯಿರಿ: ಬಿಪಿ ಗುಳಿಗಿ ನೀರಿನ ಜೋಡಿ ತಗೊಂಡು ಬರ್ರಿ, ಶುಗರ್ ಗುಳಿಗಿ ತಗೋಬ್ಯಾಡ್ರಿ, ರೊಟ್ಟಿ ಕಟಗೊಂಡು ಬರ್ರಿ. ಖಾಲಿ ಹೊಟ್ಟೆಯವರ ರಕ್ತ ಒಂಬತ್ತರೊಳಗೆ ತೆಗೆದುಬಿಡಬೇಕು. ಅದು ಲ್ಯಾಬ್‌ನವರ ಮೊದಲ ಕೆಲಸ. ನೋಂದಣಿ ಚೀಟಿ ಆಮೇಲೆ ಮಾಡಿಸಿದರಾಯಿತು.

ಗ್ಲುಕೋಮೀಟರ್ ಬಗ್ಗೆಯೂ ಎರಡು ಮಾತು. ರಾಯಚೂರಿನ ಏಪ್ರಿಲ್-ಮೇ ಬಿಸಿಲು 42 ಡಿಗ್ರಿ ಮುಟ್ಟುವಾಗ ಸ್ಟ್ರಿಪ್ ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಊರೂರು ಸುತ್ತಿದರೆ ಸ್ಟ್ರಿಪ್ ಕೆಡುತ್ತದೆ. ಮುಚ್ಚಳ ತೆರೆದಿಟ್ಟರೂ ಕೆಡುತ್ತದೆ. ಡಬ್ಬಿ ತೆರೆದ ದಿನಾಂಕ ಅದರ ಮೇಲೇ ಬರೆದಿರಬೇಕು. ಬಾಳೆಹಣ್ಣು, ಬೆಲ್ಲ ಮುಟ್ಟಿದ ಬೆರಳಿಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ, ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ಅಷ್ಟೇ. ನೀರಿನಿಂದ ಕೈ ತೊಳೆಸಿ ಒರೆಸಿ, ಬೆರಳಿನ ಬದಿಗೆ ಚುಚ್ಚಿ, ಹಿಂಡದೆ ಬಂದ ಹನಿಯನ್ನು ತಗೊಳ್ಳಿ. ಗ್ಲುಕೋಮೀಟರ್‌ನಲ್ಲಿ ಹೆಚ್ಚು ಬಂತು ಅಂದರೆ ಅದು ಸೂಚನೆ ಅಷ್ಟೇ. ಮಧುಮೇಹ ಎಂದು ಹೆಸರಿಡಲು ಲ್ಯಾಬ್ ಪರೀಕ್ಷೆ ಬೇಕು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಗ್ಲುಕೋಸ್ ಕುಡಿಸಿ ಎರಡು ತಾಸಿಗೆ 200 ಅಥವಾ ಮೇಲೆ, ಇಲ್ಲವೇ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲೆ. ಲಕ್ಷಣ ಇಲ್ಲದವರಿಗೆ ಇನ್ನೊಂದು ದಿನ ಮತ್ತೆ ನೋಡಿ ಖಚಿತ ಮಾಡಿಕೊಳ್ಳಬೇಕು. ಒಂದು ಸಲ ಶುಗರ್ ಎಂದು ಹೆಸರು ಬಿದ್ದರೆ ಆ ಮನೆಯಲ್ಲಿ ಊಟ, ಮದುವೆ, ದುಡಿಮೆ ಎಲ್ಲದರ ಮಾತು ಬದಲಾಗುತ್ತದೆ.

ಔಷಧಿಯ ಹೆಜ್ಜೆಗಳು ಗೋಡೆಯ ಮೇಲೆ ಇರಬೇಕು. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ 2017ರ ಕೊನೆಯಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಶುರುವಾದಾಗ ತೋರಿಸಿಕೊಟ್ಟ ದೊಡ್ಡ ಸಂಗತಿ ಇದೇ. ನಮ್ಮ ಗಡಿಗೆ ಹತ್ತಿದ ತೆಲಂಗಾಣವೇ ಮೊದಲ ಪಟ್ಟಿಯಲ್ಲಿತ್ತು. ಎಲ್ಲರಿಗೂ ಒಂದೇ ಸರಳ ಕ್ರಮ, ಕೆಲವೇ ಔಷಧಿ. ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಮಿಗ್ರಾಂನಿಂದ ಆರಂಭ. ತಿಂಗಳ ನಂತರವೂ 140/90 ದಾಟಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸುವುದು, ಆಮೇಲೆ ಪ್ರಮಾಣ ಏರಿಸುವುದು, ಕೊನೆಗೆ ಕ್ಲೋರ್ಥಾಲಿಡೋನ್ 12.5. ಹೆಜ್ಜೆಗಳ ಅನುಕ್ರಮ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ. ನಿಮ್ಮ ಜಿಲ್ಲೆಯದನ್ನೇ ಹಿಡಿಯಿರಿ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಟೆಲ್ಮಿಸಾರ್ಟನ್ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದೆ, ಬಸಿರಿನಲ್ಲಿ ಅದು ಕೂಸಿಗೆ ಅಪಾಯ. ಇದನ್ನು ಕೇಳಲು ವೈದ್ಯರಿಗಿಂತ ಸಿಸ್ಟರ್ ಸೂಕ್ತ.

ಹೆಜ್ಜೆ ಏರಿಸುವ ಮುನ್ನ ಕಾರ್ಡಿನಲ್ಲಿ ಮೂರು ಉತ್ತರ ಇರಬೇಕು. ಕಳೆದ ಏಳು ದಿನದಲ್ಲಿ ಎಷ್ಟು ದಿನ ಗುಳಿಗೆ ನುಂಗಿದ್ದಾರೆ? ಮಂಡಿನೋವಿಗೆ ಎಲ್ಲಿ ಏನು ತಗೊಳ್ಳುತ್ತಿದ್ದಾರೆ? ತಂಬಾಕು ಎಷ್ಟು? ಎರಡನೇ ಪ್ರಶ್ನೆ ನಮ್ಮ ಕಡೆ ಬಹಳ ಮುಖ್ಯ. ಹತ್ತಿ ಬಿಡಿಸಿ, ನಾಟಿ ಹಚ್ಚಿ ಸೊಂಟ ಹಿಡಿದವರು ಊರಿನ ಆರ್‌ಎಂಪಿ (ಪದವಿಯಿಲ್ಲದೆ ಮದ್ದು ಕೊಡುವವರು) ಹತ್ತಿರ ಸೂಜಿ ಮಾಡಿಸಿಕೊಳ್ಳುತ್ತಾರೆ. ಅದರಲ್ಲಿರುವ ನೋವಿನ ಮದ್ದು ಡೈಕ್ಲೋಫಿನಾಕ್ ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿದ್ದರೆ ಶುಗರ್ ಮುನ್ನೂರು ದಾಟಬಹುದು. ಕಾರಣ ಗೊತ್ತಿಲ್ಲದೆ ಮೂರನೇ ಗುಳಿಗೆ ಬರೆಯುವುದು ಯಾರಿಗೂ ಉಪಕಾರವಲ್ಲ. ಇದರ ವಿರುದ್ಧದ ತಪ್ಪೂ ಅಷ್ಟೇ ಕೆಟ್ಟದ್ದು. ಸಲಸಲಕ್ಕೂ 156 ಬರುತ್ತದೆ, ಸಲಸಲಕ್ಕೂ "ಉಪ್ಪು ಕಮ್ಮಿ ಮಾಡ್ರಿ" ಎಂದು ಅದೇ ಗುಳಿಗೆ ಕೊಟ್ಟು ಕಳಿಸುತ್ತೇವೆ, ವರ್ಷ ಕಳೆಯುತ್ತದೆ. ಗುಳಿಗೆ ಸರಿಯಾಗಿ ನುಂಗುತ್ತಿದ್ದೂ ಎರಡು ಭೇಟಿಯಲ್ಲಿ ಹೆಚ್ಚಿದ್ದರೆ ನರ್ಸ್ ಆ ಕಾರ್ಡನ್ನು ಬೇರೆ ಬಣ್ಣದ ಕ್ಲಿಪ್ ಹಾಕಿ ವೈದ್ಯರ ಮೇಜಿನ ಮೇಲಿಡಬೇಕು. ಅವತ್ತೇ ಹೆಜ್ಜೆ ಏರಬೇಕು.

180/110 ಮುಟ್ಟಿದವರನ್ನು ಅದೇ ದಿನ ವೈದ್ಯರು ನೋಡಬೇಕು. ಅದರ ಜೊತೆ ಎದೆನೋವು, ಬಾಯಿ ಸೊಟ್ಟ, ಒಂದು ಕಡೆ ಕೈಕಾಲು ಸೋತಿರುವುದು, ಮಾತು ತೊದಲುವುದು ಇದ್ದರೆ ಕಾಯುವ ಮಾತೇ ಇಲ್ಲ, 108 ಕರೆದು ಜಿಲ್ಲಾ ಮಟ್ಟದ ಆಸ್ಪತ್ರೆಗೆ. ನಾಲಿಗೆ ಕೆಳಗೆ ನಿಫೆಡಿಪಿನ್ ಇಟ್ಟು ತಟ್ಟನೆ ಇಳಿಸುವ ಹಳೆಯ ರೂಢಿ ಬಿಡಬೇಕು, ಅದರಿಂದಲೇ ಲಕ್ವ ಹೊಡೆಯಬಹುದು. ಶುಗರ್ 70ಕ್ಕಿಂತ ಕೆಳಗೆ ಹೋಗಿ ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು.

ಈಗ ಗುಳಿಗೆಯ ದಾಸ್ತಾನು. ಇಡೀ ವ್ಯವಸ್ಥೆ ಹೆಚ್ಚಾಗಿ ಮುರಿಯುವುದು ಇಲ್ಲೇ, ಮತ್ತು ಮುರಿಯುವ ರೀತಿ ಗಮನಿಸಬೇಕು. ಕೇಂದ್ರದಲ್ಲಿ ಆಮ್ಲೋಡಿಪಿನ್ ತಗೊಳ್ಳುವವರು 500 ಜನ ಎನ್ನಿ, 400 ಜನರಿಗೆ ದಿನಕ್ಕೊಂದು, 100 ಜನರಿಗೆ ಎರಡು. ತಿಂಗಳಿಗೆ 18,000 ಗುಳಿಗೆ. ಹೋದ ತಿಂಗಳು ಹನ್ನೆರಡು ದಿನ ದಾಸ್ತಾನು ಇರಲಿಲ್ಲ, ಹಾಗಾಗಿ 10,800 ಮಾತ್ರ ಹೊರಗೆ ಹೋಗಿದೆ. ಇಂಡೆಂಟ್ (ಔಷಧಿಯ ಬೇಡಿಕೆ ಪತ್ರ) ಹಾಕುವವರು "ಹೋದ ತಿಂಗಳ ಬಳಕೆ" ಎಂಬ ಖಾನೆಯಲ್ಲಿ 10,800 ಬರೆಯುತ್ತಾರೆ. ಬರುವುದು 10,800. ಮುಂದಿನ ತಿಂಗಳು ಇನ್ನೂ ಬೇಗ ಮುಗಿಯುತ್ತದೆ. ಕೊರತೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ, ಕಾಗದದಲ್ಲಿ ಮಾತ್ರ ಎಲ್ಲ ಸರಿ. ಇಂಡೆಂಟ್ ಹಾಕಬೇಕಾದ್ದು ನೋಂದಾಯಿತರ ಸಂಖ್ಯೆಯ ಮೇಲೆ: ರೋಗಿಗಳು × ದಿನಕ್ಕೆ ಗುಳಿಗೆ × 90 ದಿನ, ಅದರ ಮೇಲೆ ಒಂದು ತಿಂಗಳ ಹೆಚ್ಚುವರಿ. ಕೈಯಲ್ಲಿರುವ ದಾಸ್ತಾನು ಅದರಿಂದ ಕಳೆಯಿರಿ. ಈ ಸಂಖ್ಯೆ ಫಾರ್ಮಸಿಯವರಿಗೆ ಪ್ರತಿ ತಿಂಗಳು ಕೊಡುವವರು ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆ) ರಿಜಿಸ್ಟರ್ ಇಡುವ ನರ್ಸ್. ಇವರಿಬ್ಬರೂ ತಿಂಗಳಿಗೆ ಒಮ್ಮೆಯೂ ಕೂತು ಮಾತಾಡದ ದವಾಖಾನೆಯಲ್ಲಿ ಗುಳಿಗೆ ಮುಗಿಯುವುದು ಖಂಡಿತ.

ಬರಿಗೈಲಿ ಹೋದ ಅಜ್ಜಿ ಎರಡು ಸಲ ಬರಬಹುದು. ಮೂರನೇ ಸಲ ಅರವತ್ತು ರೂಪಾಯಿ ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಂಡು ಬರುವುದಿಲ್ಲ. ಅಲ್ಲಿಂದ ಬಾರದವರ ಪಟ್ಟಿ ಶುರುವಾಗುತ್ತದೆ.

ತಂಡ ಇದೆಯೋ ಇಲ್ಲವೋ ತಿಳಿಯಬೇಕಾದರೆ ಈ ಪಟ್ಟಿ ಕೇಳಿ. ಕಾರ್ಡುಗಳನ್ನು ಹೆಸರಿನ ಪ್ರಕಾರ ಜೋಡಿಸಿದರೆ ಪಟ್ಟಿ ಸಿಗುವುದೇ ಇಲ್ಲ. ಮುಂದಿನ ಭೇಟಿಯ ತಿಂಗಳು, ದಿನದ ಪ್ರಕಾರ ಡಬ್ಬಿಯಲ್ಲಿ ಜೋಡಿಸಿ. ಬಂದವರ ಕಾರ್ಡು ಮುಂದಿನ ದಿನಾಂಕಕ್ಕೆ ಹೋಗುತ್ತದೆ, ಸಂಜೆ ಆ ದಿನದ ಖಾನೆಯಲ್ಲಿ ಉಳಿದವರೇ ಬಾರದವರು. ಸರ್ಕಾರಿ ಪೋರ್ಟಲ್‌ನಲ್ಲಿ ಎಂಟ್ರಿ ಇದ್ದರೂ ಈ ಡಬ್ಬಿ ಇಡಿ ಎಂದೇ ನಾವು ಹೇಳುತ್ತೇವೆ, ನೆಟ್‌ವರ್ಕ್ ಇಲ್ಲದ ದಿನವೂ ಅದು ಕೆಲಸ ಮಾಡುತ್ತದೆ. ಮೂರು ದಿನಕ್ಕೆ ಫೋನು. ಏಳು ದಿನಕ್ಕೆ ಆಶಾ ಅಕ್ಕನ ಭೇಟಿ. ತಿಂಗಳಾದರೆ ಪಿಎಚ್‌ಸಿಒ ಬಿಪಿ ಯಂತ್ರ ಮತ್ತು ಗುಳಿಗೆ ಹಿಡಿದು ಮನೆಗೆ. ನಂಬರು ಬರೆಯುವಾಗ ಎರಡು ಬರೆಯಿರಿ, ಒಂದು ಅವರದ್ದು, ಒಂದು ಓದುವ ಮೊಮ್ಮಗನದ್ದೋ ಪಕ್ಕದ ಮನೆಯದ್ದೋ. ಸಿಮ್ ಬದಲಾಗುತ್ತಲೇ ಇರುತ್ತದೆ.

ಮನೆ ಬಾಗಿಲಲ್ಲಿ "ಯಾಕ ಬರಲಿಲ್ಲ?" ಎಂದು ಕೇಳಿದರೆ ಮುಖ ತಿರುವುತ್ತಾರೆ. "ಯಮ್ಮಾ, ಗುಳಿಗಿ ಎಷ್ಟ ಉಳದಾವ, ತೋರಸ್ರಿ ನೋಡೋಣ" ಎಂದರೆ ಡಬ್ಬಿ ಹೊರಗೆ ಬರುತ್ತದೆ, ಅದರ ಜೊತೆ ಕಾರಣವೂ ಬರುತ್ತದೆ. ಕಾರಣಗಳು ಹತ್ತೋ ಹನ್ನೆರಡೋ ಇದ್ದಾವು, ಅವನ್ನು ಕಾರ್ಡಿನಲ್ಲಿ ಒಂದು ಪದದಲ್ಲಿ ಬರೆಯಬೇಕು: ಆರಾಮ ಅನಿಸ್ತು, ಬಾವು ಬಂತು, ಹೊಟ್ಟಿ ಉಬ್ಬರ, ಗುಳಿಗಿ ಸಿಗಲಿಲ್ಲ, ನಾಟಿ, ಗುಳೆ, ಖಾಸಗಿಗೆ ಹೋದರು, ತೀರಿಕೊಂಡರು. ಯಾಕೆಂದರೆ ಒಂದೊಂದು ಕಾರಣಕ್ಕೂ ಒಂದೊಂದು ಮದ್ದು. ಆಮ್ಲೋಡಿಪಿನ್‌ನಿಂದ ಕಾಲು ಬಾವು ಬಂದರೆ ಕಿಡ್ನಿ ಹೋಯಿತೆಂದು ಹೆದರಿ ಬಿಡುತ್ತಾರೆ. ಅದು ಗುಳಿಗೆಯ ಅಡ್ಡಪರಿಣಾಮ ಆಗಿರಬಹುದು, ವೈದ್ಯರು ಪ್ರಮಾಣ ಇಳಿಸಿ ಬೇರೆ ಸೇರಿಸುತ್ತಾರೆ. ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಟ್ಟಿದ್ದರೆ ಊಟದ ಜೊತೆ 500 ಮಿಗ್ರಾಂನಿಂದ ಶುರು ಮಾಡಿ ನಿಧಾನ ಏರಿಸಿದರೆ ಹೆಚ್ಚಿನವರಿಗೆ ಹೊಂದಿಕೊಳ್ಳುತ್ತದೆ. "ಆರಾಮ ಆಗೇತ್ರೀ, ಅದಕ್ಕ ಬಿಟ್ಟೀನಿ" ಎನ್ನುವವರಿಗೆ ಅಲ್ಲೇ ಬಿಪಿ ಅಳೆದು ತೋರಿಸುವುದಕ್ಕಿಂತ ಒಳ್ಳೆಯ ಉಪದೇಶವಿಲ್ಲ. ಆದರೆ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಅಂಕಿ ಕೂಗಿ ಹೇಳಬೇಡಿ.

ಗುಳೆ ಹೋಗುವವರದು ಬೇರೆಯೇ ವಿಷಯ. ದೇವದುರ್ಗ, ಲಿಂಗಸುಗೂರು, ಆ ಕಡೆ ಕುಷ್ಟಗಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ತಿಂಗಳ ಗುಳಿಗೆಗೆ ತಿರುಗಿ ಬರುವುದಿಲ್ಲ. ಹೊರಡುವ ಸಮಯ ಆಶಾ ಅಕ್ಕನಿಗೆ ಗೊತ್ತಿರುತ್ತದೆ, ಮೇಸ್ತ್ರಿ ಮುಂಗಡ ಕೊಟ್ಟ ದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ಹಿಡಿತದಲ್ಲಿರುವವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ. ಕಾರ್ಡಿನ ಫೋಟೊ ಅವರ ಫೋನಿನಲ್ಲೇ ಇರಲಿ, ಔಷಧಿಯ ಹೆಸರು ಕಂಪನಿಯ ಹೆಸರಿನಲ್ಲಲ್ಲ, ಮೂಲ ಹೆಸರಿನಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ದವಾಖಾನೆ ಎಲ್ಲಿದೆ ಎಂದು ಕೇಳಲು ಹೇಳಿಕೊಡಿ.

ಊಟದ ಮಾತು ಬಂದಾಗ ನಗರದ ಪಟ್ಟಿ ಓದಬೇಡಿ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ, ಒಂದು ಚಹಾ ಚಮಚ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಅದು ಅದರ ದೊಡ್ಡ ಗುಣ. ಉಪ್ಪು ಇರುವುದು ಕೆಂಪಿಂಡಿ, ಉಪ್ಪಿನಕಾಯಿ, ಹಪ್ಪಳ-ಸಂಡಿಗೆ, ಸಂಜೆಯ ಮಿರ್ಚಿಯಲ್ಲಿ. ಅಲ್ಲಿ ಕೈ ಹಾಕಿ. ಶುಗರ್‌ಗೆ "ಜ್ವಾಳ ಎಷ್ಟಾದರೂ ತಿನ್ನಬಹುದು" ಎಂಬ ನಂಬಿಕೆ ತಪ್ಪು, ಜೋಳವೂ ಪಿಷ್ಟವೇ, ರೊಟ್ಟಿಯ ಎಣಿಕೆ ಬೇಕು. ಹೊಲದಲ್ಲಿ ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಮಚ, ಅಂದರೆ 50 ಗ್ರಾಂ ಸಕ್ಕರೆ. ಮೊದಲು ಅದನ್ನು ಇಳಿಸಿದರೂ ಅಂಕಿ ಬದಲಾಗುತ್ತದೆ. ಶ್ರಾವಣ ಸೋಮವಾರದ ಉಪವಾಸ, ರಂಜಾನಿನ ರೋಜಾ ಬರುವ ಹದಿನೈದು ದಿನ ಮೊದಲೇ ಗ್ಲಿಮೆಪಿರೈಡ್, ಇನ್ಸುಲಿನ್ ತಗೊಳ್ಳುವವರನ್ನು ಕರೆದು ಮಾತಾಡಿ. ಉಪವಾಸ ಬಿಡಿ ಅಂದರೆ ಗುಳಿಗೆಯನ್ನೇ ಬಿಟ್ಟು ಉಪವಾಸ ಮಾಡುತ್ತಾರೆ.

ಇನ್ಸುಲಿನ್ ಇರುವ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಎರಡು ಮಣ್ಣಿನ ಗಡಿಗೆ ಸಾಕು. ದೊಡ್ಡದರಲ್ಲಿ ಹಸಿ ಉಸುಕು, ಅದರೊಳಗೆ ಸಣ್ಣ ಗಡಿಗೆ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಾಟಲಿ, ಮೇಲೆ ಒದ್ದೆ ಬಟ್ಟೆ. ನಮ್ಮ ಒಣ ಬಿಸಿಲಲ್ಲಿ ಇದು ಚೆನ್ನಾಗಿ ತಂಪಿಡುತ್ತದೆ, ನೀರು ದಿನಕ್ಕೆರಡು ಸಲ ಚಿಮುಕಿಸಬೇಕು. ಮಿಲಿಗೆ 40 ಯೂನಿಟ್‌ನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಮಾತ್ರ. 100 ಯೂನಿಟ್‌ನ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. "ಇನ್ಸುಲಿನ್ ಹತ್ತವಲ್ದು" ಅನ್ನುವವರ ಸಿರಿಂಜನ್ನು ಮೊದಲು ನೋಡಿ.

ಪಾದ ನೋಡಲು ಯಾರೂ ಚಪ್ಪಲಿ ಬಿಚ್ಚಿಸುವುದಿಲ್ಲ. ಈ ಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಬರುತ್ತದೆ. ಸಂವೇದನೆ ಸತ್ತ ಪಾದಕ್ಕೆ ಅದು ಗೊತ್ತೇ ಆಗುವುದಿಲ್ಲ, ವಾರದ ಮೇಲೆ ವಾಸನೆ ಬಂದಾಗ ತಿಳಿಯುತ್ತದೆ. ಜಾತ್ರೆಗೆ ಬರಿಗಾಲಲ್ಲಿ ನಡೆದವರ ಅಂಗಾಲು ಸುಟ್ಟಿರುತ್ತದೆ. ವರ್ಷಕ್ಕೊಮ್ಮೆ ಮಾನೋಫಿಲಮೆಂಟ್ ಪರೀಕ್ಷೆ (ಪಾದಕ್ಕೆ ನೈಲಾನ್ ಎಳೆ ತಾಗಿಸಿ ಸ್ಪರ್ಶ ನೋಡುವುದು), ಕಣ್ಣಿನ ಹಿಂಪರದೆ, ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್. ಇವುಗಳ ದಿನಾಂಕಕ್ಕೂ ಕಾರ್ಡಿನಲ್ಲಿ ಖಾನೆ ಬೇಕು. ಶುಗರ್ ಇದ್ದವರಿಗೆ ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ, ಕ್ಷಯ ಅವರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ.

ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುವಾಗ ಛೇದದಲ್ಲಿ ಮೋಸ ಹೋಗಬೇಡಿ. ನೋಂದಾಯಿಸಿದವರು 120, ಹಿಡಿತದಲ್ಲಿರುವವರು 54, ಹೆಚ್ಚಿರುವವರು 30, ಬಾರದವರು 36 ಎನ್ನಿ. ಬಂದ 84ರಲ್ಲಿ 54 ಎಂದರೆ ಶೇಕಡಾ 64, ಮೀಟಿಂಗಿನಲ್ಲಿ ಚಪ್ಪಾಳೆ. 120ರಲ್ಲಿ 54 ಎಂದರೆ 45. ನಿಜ ಇದೇ. ಪ್ರತಿ ಉಪಕೇಂದ್ರದ ಅಂಕಿ ಬೇರೆ ಬೇರೆ ಬರೆದರೆ ಗುಳಿಗೆ ಎಲ್ಲಿ ಮುಟ್ಟುತ್ತಿಲ್ಲ ಎಂದು ತಾನೇ ತಿಳಿಯುತ್ತದೆ.

ಇದನ್ನು ಓದಲು ವಾರಕ್ಕೆ ಇಪ್ಪತ್ತು ನಿಮಿಷದ ಸಭೆ ಸಾಕು, ಆದರೆ ಮೊದಲು ಮಾತಾಡಬೇಕಾದವರು ಆಶಾ ಅಕ್ಕಂದಿರು. ವೈದ್ಯರು ಶುರು ಮಾಡಿದರೆ ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಹತ್ತು ಸಮೀಕ್ಷೆ, ಇಪ್ಪತ್ತು ರಿಜಿಸ್ಟರ್ ಹೊತ್ತ ಆಶಾ ಅಕ್ಕನಿಗೆ ವಾರಕ್ಕೆ ಐದಕ್ಕಿಂತ ಹೆಚ್ಚು ಬಾರದವರ ಹೆಸರು ಕೊಡಬೇಡಿ, ಐದನ್ನು ಆರಿಸುವಾಗ ಕೊನೆಯ ಬಿಪಿ ಅತಿ ಹೆಚ್ಚಿದ್ದವರು ಮೊದಲು.

ಮತ್ತೆ ವರ್ಗಾವಣೆ. ಹೊಸ ವೈದ್ಯರು ಬಂದು ಔಷಧಿ ಬದಲಿಸುತ್ತಾರೆ, ಅಥವಾ ಹೊಸ ದಾಸ್ತಾನಿನಲ್ಲಿ ಬಿಳಿ ಗುಳಿಗೆ ಹೋಗಿ ಹಳದಿ ಬರುತ್ತದೆ. ಮನೆಯಲ್ಲಿ ಹಳೆಯದು ಉಳಿದಿರುವವರು ಎರಡನ್ನೂ ನುಂಗುತ್ತಾರೆ, ಅನುಮಾನ ಬಂದವರು ಎರಡನ್ನೂ ಬಿಡುತ್ತಾರೆ. ಬಣ್ಣ ಬದಲಾದ ತಿಂಗಳು ಫಾರ್ಮಸಿ ಕಿಟಕಿಯಲ್ಲಿ ಹಳೆಯ ಗುಳಿಗೆಯನ್ನೂ ಹೊಸದನ್ನೂ ಒಂದೇ ಹಲಗೆಗೆ ಅಂಟಿಸಿಡಿ, ಕೆಳಗೆ ದೊಡ್ಡದಾಗಿ ಬರೆಯಿರಿ: ಇವೆರಡೂ ಒಂದೇ, ಒಂದನ್ನೇ ತಗೋರಿ. ಓದಲು ಬಾರದವರಿಗೆ ಅದನ್ನು ಬೆರಳಿಟ್ಟು ತೋರಿಸುವ ಕೆಲಸ ಕಿಟಕಿಯ ಒಳಗಿರುವವರದ್ದು.